ಲಾಟ್ವಿಯನ್ನಿನ ‘ಅಂತೆ’

ಭಾಷಾಂತರಕಾರನನ್ನು ಹುಡುಕುವವರು ಮೊದಲು ಕೇಳುವುದು ದರವನ್ನು, ಆಮೇಲೆ ಅವಧಿಯನ್ನು. ಅವನಿಗೆ ಭಾಷೆಯ ಒಳಗುಟ್ಟು ಎಷ್ಟು ಗೊತ್ತೆಂದು ವಿಚಾರಿಸುವವರು ವಿರಳ. ಸುಮಾರು 15 ಲಕ್ಷ ಜನರ ತಾಯ್ನುಡಿಯಾದ ಲಾಟ್ವಿಯನ್ನಿನ ಮಟ್ಟಿಗೆ ಈ ಉದಾಸೀನ ದುಬಾರಿಯಾದುದೆಂದು ನನ್ನ ಅಭಿಪ್ರಾಯ.

ಒಂದೇ ಒಂದು ಕ್ರಿಯಾಪದವನ್ನು ನೋಡೋಣ. ‘ಇದ್ದಾನೆ’ ಎನ್ನುವುದಕ್ಕೆ ಲಾಟ್ವಿಯನ್ನರು ‘ಇರ್’ ಎನ್ನುತ್ತಾರೆ. ನಮ್ಮ ‘ಇರು’ ಧಾತುವಿನ ನೆನಪಾದರೆ ಅದು ಬರಿಯ ಕಾಕತಾಳೀಯ. ಆ ನುಡಿ ಲಿಥುವೇನಿಯನ್ನಿಗೆ ಸೋದರಿ, ಸಂಸ್ಕೃತಕ್ಕೆ ದೂರದ ನಂಟು. ಆದರೆ ತಾನು ಕಾಣದೆ ಪರರಿಂದ ಕೇಳಿದ ಸಂಗತಿಯಾದರೆ ಅದೇ ಕ್ರಿಯಾಪದ ‘ಎಸುವತ್’ ಆಗುತ್ತದೆ. ಎಂದರೆ, ‘ಇದ್ದಾನಂತೆ’! ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ರೂಪವಿಲ್ಲ. ಸುತ್ತಿ ಬಳಸಿ ಹೇಳಬೇಕು, ಇಲ್ಲವೆ ಬಿಡಬೇಕು. ಅವಸರದ ಭಾಷಾಂತರಕಾರ ಬಿಟ್ಟೇಬಿಡುತ್ತಾನೆ. ಕಥೆಯಲ್ಲಾದರೆ ಊರ ಮಾತಿನ ಸೊಗಸು ಹೋಯಿತು, ಅಷ್ಟೆ. ನ್ಯಾಯಾಲಯದಲ್ಲಿ ದುಭಾಷಿ ಹೀಗೆ ಮಾಡಿದರೆ ಕೇಳಿದವನು ಕಂಡವನಾಗುತ್ತಾನೆ, ವದಂತಿ ಸಾಕ್ಷ್ಯವಾಗುತ್ತದೆ. ಹೆಸರುಗಳೂ ಹಾಗೆಯೆ. ಗಂಡ ‘ಓಜೊಲ್ಸ್’ ಆದರೆ ಹೆಂಡತಿ ಸಾಮಾನ್ಯವಾಗಿ ‘ಓಜೊಲಾ’. ಇದನ್ನರಿಯದವನು ಒಂದೇ ಮನೆತನವನ್ನು ಎರಡಾಗಿ ಬರೆದಾನು.

ಕಾವ್ಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಕ್ರಿಷ್ಯಾನಿಸ್ ಬಾರೊನ್ಸರು 1894ರಿಂದ 1915ರವರೆಗೆ ಪ್ರಕಟಿಸಿದ ‘ದೈನಾ’ ಎಂಬ ಜನಪದ ಗೀತೆಗಳು ಎರಡು ಲಕ್ಷಕ್ಕೂ ಮಿಕ್ಕವು. ಅವನ್ನು ಚೀಟಿಗಳಲ್ಲಿ ಜೋಡಿಸಿಟ್ಟ ಬೀರು 2001ರಲ್ಲಿ ಯುನೆಸ್ಕೋದ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿತು. ನಮ್ಮ ತ್ರಿಪದಿಯಂತೆ ಇವೂ ಚಿಕ್ಕವು. ಬಹುಮಟ್ಟಿಗೆ ನಾಲ್ಕು ಸಾಲು. ಅಲ್ಲಿ ಸೂರ್ಯ ಹೆಣ್ಣು, ‘ಸೌಲೆ’. ಅಕ್ಕರೆಯಿಂದ ಕರೆದಾಗ ‘ಸೌಲೀತೆ’. ಇದನ್ನು ‘ಪುಟ್ಟ ಸೂರ್ಯ’ ಎಂದವನು ಅಕ್ಕರೆಯನ್ನು ಗಾತ್ರವೆಂದು ತಿಳಿದ. ‘ಹಡೆದವ್ವ’ ಎಂದು ಹಾಡಿದ ನಾಡಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

2004ರ ಮೇ 1ರಂದು ಲಾಟ್ವಿಯನ್ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಅಲ್ಲಿ ನುರಿತ ಭಾಷಾಂತರಕಾರರಿದ್ದಾರೆ. ಕನ್ನಡಕ್ಕೆ ತರುವವರಿಗಾದರೋ ಇಂಗ್ಲಿಷಿನ ದಾರಿಯೇ ಸುಲಭವೆಂದು ತೋರಬಹುದು. ಆದರೆ ಇಂಗ್ಲಿಷು ಕಳೆದದ್ದನ್ನು ಕನ್ನಡವೂ ಏಕೆ ಕಳೆಯಬೇಕು? ನಮ್ಮಲ್ಲಿ ‘ಅಂತೆ’ ಸಿದ್ಧವಾಗಿಯೇ ಇದೆ. ಇಂಗ್ಲಿಷಿನಿಂದಲೇ ತರುವುದು ಅನಿವಾರ್ಯವಾದರೆ, ಮೂಲವನ್ನು ಬಲ್ಲ ಒಬ್ಬರು ಅದನ್ನು ಸಾಲುಸಾಲಾಗಿ ಒಪ್ಪನೋಡಲಿ. ಭಾಷಾಂತರಕಾರನನ್ನು ಗೊತ್ತುಮಾಡುವವರು ದರ ಕೇಳುವ ಮೊದಲು ‘ಇರ್’ ಒಂದು, ‘ಎಸುವತ್’ ಒಂದು, ಎರಡು ವಾಕ್ಯಗಳನ್ನು ಅವನ ಮುಂದಿಡಲಿ. ಎರಡಕ್ಕೂ ಒಂದೇ ಉತ್ತರ ಬಂದರೆ ಬೇರೊಬ್ಬನನ್ನು ಹುಡುಕುವುದು ಲೇಸು.