ವಗ್ಗರಣಿಗೆ ನಾಲ್ಕು ಗಂಟೆಯೇ ಸರಿ

ಬೇರೆ ಬೇರೆ ದೇಶದವರು ಇಳಿಹೊತ್ತಿಗೆ ಏನು ತಿನ್ನುತ್ತಾರೆ ಎಂಬುದನ್ನು ಈ ವಾರ ನೋಡೋಣ ಎಂದು ಹೋದ ಸಲ ಮಾತು ಕೊಟ್ಟಿದ್ದೆ. ನೋಡೋಣ. ಆದರೆ ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹಟ ಗೊತ್ತೇ ಇದೆ: ಏನು ತಿಂದರು ಎಂಬುದು ನನಗೆ ಎರಡನೇ ಪ್ರಶ್ನೆ, ಯಾವ ಹೊತ್ತಿಗೆ ತಿಂದರು ಎಂಬುದೇ ಮೊದಲನೇದು. ಹೊತ್ತು ತಪ್ಪಿ ತಿಂದ ತಿಂಡಿ ಎಷ್ಟು ರುಚಿಯಾಗಿದ್ದರೂ ಹೊಟ್ಟೆಗೆ ಭಾರ, ಮನೆಯಲ್ಲಿ ಮಾಡಿಟ್ಟ ಅಡುಗೆಗೆ ಅವಮಾನ.

ಇಂಗ್ಲೆಂಡಿನ ಇಳಿಹೊತ್ತಿನ ಚಹಾ ಬಳಕೆಗೆ ಬಂದದ್ದು 1840ರ ಆಸುಪಾಸಿನಲ್ಲಿ. ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಶುರು ಮಾಡಿದಳು ಎಂದು ಹೇಳುತ್ತಾರೆ. ಶ್ರೀಮಂತರ ಮನೆಗಳಲ್ಲಿ ರಾತ್ರಿಯೂಟ ಹಿಂದೆ ಸರಿಯುತ್ತ ಸರಿಯುತ್ತ ಎಂಟು ಗಂಟೆಗೆ ಹೋಗಿ ನಿಂತಿತ್ತು. ಮಧ್ಯಾಹ್ನದ ತುತ್ತು ಅಷ್ಟು ಹೊತ್ತು ತಡೆಯುವುದೆಲ್ಲಿ? ಚಹಾ, ಬ್ರೆಡ್ಡು, ಬೆಣ್ಣೆ ನಡುವೆ ಬಂದವು. ಜಪಾನಿನಲ್ಲಿ ಜನ ಬಹಳ ಕಾಲ ದಿನಕ್ಕೆ ಎರಡೇ ಊಟ ಮಾಡುತ್ತಿದ್ದರು. ಎರಡರ ನಡುವೆ ಸುಮಾರು ಎರಡು, ಮೂರು ಗಂಟೆಯ ಹೊತ್ತಿಗೆ ಒಂದು ತಿಂಡಿ ನೆಲೆಯಾಯಿತು. ಈಗ ಮೂರು ಊಟ ಇದ್ದರೂ ಮಕ್ಕಳಿಗೆ ಮೂರು ಗಂಟೆಯ ತಿಂಡಿ ತಪ್ಪಿಲ್ಲ. ಸ್ಪೇನಿನವರು ರಾತ್ರಿ ಒಂಬತ್ತು, ಹತ್ತಕ್ಕೆ ಉಣ್ಣುವ ಜನ. ಸಂಜೆ ಐದಾರಕ್ಕೆ ಅವರಿಗೆ ಮೆರಿಯೆಂಡಾ ಬೇಕೇಬೇಕು. ಫ್ರಾನ್ಸಿನ ಮಕ್ಕಳು ಶಾಲೆ ಬಿಟ್ಟ ಕೂಡಲೇ ನಾಲ್ಕು, ನಾಲ್ಕೂವರೆಗೆ ಬ್ರೆಡ್ಡು, ಚಾಕೊಲೆಟ್ ತಿನ್ನುತ್ತಾರೆ. ಆಮೇಲೆ ರಾತ್ರಿಯೂಟದವರೆಗೆ ಕೈ ಬಾಯಿ ಸುಮ್ಮನಿರಬೇಕು ಎಂಬುದು ಅಲ್ಲಿಯ ಮನೆಗಳ ಶಿಸ್ತು. ಆ ಶಿಸ್ತಿನ ಬಗ್ಗೆ ನನಗೆ ದೊಡ್ಡ ಗೌರವ.

ದೇಶಗಳ ಮಾತು ಸದ್ಯಕ್ಕೆ ಇಷ್ಟು ಸಾಕು, ನಮ್ಮ ಹೊಸಪೇಟೆಯ ಚಿತ್ತವಾಡ್ಗಿಗೆ ಬರುತ್ತೇನೆ.

ನಮ್ಮಲ್ಲಿ ನಾಲ್ಕು ಗಂಟೆಯನ್ನು ಗೊತ್ತು ಮಾಡಿದವರು ಡಚೆಸರಲ್ಲ, ದುಡಿಯುವವರು. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವ ಕಾಲುವೆಗಳ ನೀರು ಕುಡಿದ ಕಬ್ಬು, ಬಾಳೆಯ ಹೊಲಗಳು. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಇಳಿದವರು ಬಿಸಿಲೇರುವ ಹೊತ್ತಿಗೆ ಬುತ್ತಿ ಬಿಚ್ಚುತ್ತಿದ್ದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಹನ್ನೆರಡಕ್ಕೆ ಉಂಡವರಿಗೆ ನಾಲ್ಕಕ್ಕೆ ಕೈಕಾಲು ಸೋಲುತ್ತವೆ, ರಾತ್ರಿಯ ಊಟ ಇನ್ನೂ ದೂರ. 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಇದರ ಜೊತೆಗೆ ಪಾಳಿ ಸೇರಿತು. ಕಬ್ಬು ತುಂಬಿದ ಬಂಡಿಗಳು ಸಾಲುಗಟ್ಟಿ ನಿಂತಾಗ ಸರದಿ ಕಾಯುವ ರೈತನಿಗೆ, ಪಾಳಿ ಮುಗಿಸಿ ಹೊರಬಂದ ಕಾರ್ಮಿಕನಿಗೆ ಕಡಿಮೆ ದುಡ್ಡಿನಲ್ಲಿ ಬಿಸಿಯಾಗಿ ಏನಾದರೂ ಬೇಕಿತ್ತು. 1945ರಲ್ಲಿ ಅಣೆಕಟ್ಟಿನ ಕೆಲಸ ಶುರುವಾದಾಗ ಊರಿನ ಸುತ್ತ ಕೂಲಿಯವರ ದಂಡೇ ಬಂತು. ಸೊಂಡೂರಿನ ಗಣಿಗಳವರದ್ದೂ, ಕಂಪ್ಲಿಯ ಭತ್ತದ ಗದ್ದೆಯವರದ್ದೂ ಇದೇ ಕತೆ. ಈ ಎಲ್ಲರಿಗೂ ಒದಗಿದ್ದು ಒಂದೇ ಜೋಡಿ: ಮಂಡಕ್ಕಿ ವಗ್ಗರಣಿ, ಮಿರ್ಚಿ.

ಇದು ನಮ್ಮೂರಿನದಷ್ಟೇ ಅಲ್ಲ ಎಂಬುದನ್ನು ಒಪ್ಪುತ್ತೇನೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗಡಿಯ ಆಚೆ ಇವತ್ತಿಗೂ ಉಗ್ಗಾನಿ, ಬಜ್ಜಿ ಎಂದು ತಿನ್ನುವುದು ಇದನ್ನೇ. ಹಂಚಿಕೆಯಾಗದೆ ಉಳಿದ ಆಸ್ತಿ ಎಂದರೆ ಈ ತಟ್ಟೆಯೊಂದೇ ಇರಬೇಕು.

ವಗ್ಗರಣಿ ಮಾಡುವುದನ್ನು ಬಂಡಿಯ ಪಕ್ಕ ನಿಂತು ನೋಡಬೇಕು. ಮಂಡಕ್ಕಿ ಎಂದರೆ ಕುದಿಸಿ ಒಣಗಿಸಿದ ಅಕ್ಕಿ ಉಪ್ಪುನೀರು ಹೀರಿಕೊಂಡು, ಕಾದ ಮರಳಿನಲ್ಲಿ ಒಳಗಿನ ತೇವವೆಲ್ಲ ಒಮ್ಮೆಲೇ ಆವಿಯಾಗಿ ಉಬ್ಬಿದ್ದು. ಮೈಯೆಲ್ಲ ಗಾಳಿಗೂಡು. ಹಾಗಾಗಿ ನೀರು ಕಂಡರೆ ಬಿಡುವುದಿಲ್ಲ. ಕೈಪಳಗಿದ ಅಕ್ಕ ಮಂಡಕ್ಕಿಯನ್ನು ನೀರಿಗೆ ಸುರಿದು, ಅಂಗೈಯಿಂದ ಒಂದು ಸಲ ಮುಳುಗಿಸಿ, ಮರುಕ್ಷಣ ಎರಡೂ ಕೈಯಲ್ಲಿ ಬಾಚಿ ಹಿಂಡಿಬಿಡುತ್ತಾಳೆ. ತಡಮಾಡಿದರೆ ಗಂಜಿ, ಅವಸರ ಮಾಡಿದರೆ ಬೆಂಡು. ಬಾಣಲೆಯಲ್ಲಿ ಅಷ್ಟರೊಳಗೆ ಸಾಸಿವೆ ಸಿಡಿದು, ಶೇಂಗಾ ಕೆಂಪಗಾಗಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕರಿಬೇವು, ಅರಿಸಿನ ಬಿದ್ದಿರುತ್ತವೆ. ಹಿಂಡಿದ ಮಂಡಕ್ಕಿ ಅದರೊಳಗೆ ಹೊರಳಿ ಹಳದಿಯಾದ ಮೇಲೆ ಪುಟಾಣಿ ಹಿಟ್ಟು ಉದುರಿಸಬೇಕು. ಎಲ್ಲ ಗುಟ್ಟೂ ಇಲ್ಲಿದೆ. ಉಳಿದ ನೀರನ್ನು ಆ ಹಿಟ್ಟು ಹೀರಿಕೊಂಡು ಕಾಳಿಗೆ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ, ಬಾಯಿಗೆ ಮೆತ್ತಗಿರುತ್ತದೆ. ಮೇಲೆ ನಿಂಬೆಹುಳಿ, ಕೊತ್ತಂಬರಿ.

ಪಕ್ಕದ ಒಲೆಯ ಮುಂದೆ ಮಿರ್ಚಿಯವನು. ಉದ್ದನೆಯ ತಿಳಿಹಸಿರು ಕಾಯಿಯ ತೊಟ್ಟು ಹಿಡಿದು ಕಡ್ಲಿಹಿಟ್ಟಿನಲ್ಲಿ ಅದ್ದುತ್ತಾನೆ, ಪಾತ್ರೆಯ ಅಂಚಿಗೆ ಒಂದು ಮೈ ಒರೆಸಿ ಎಣ್ಣೆಗೆ ಬಿಡುತ್ತಾನೆ. ಒರೆಸಿದ ಮೈಯಲ್ಲಿ ಹಿಟ್ಟು ತೆಳುವಾಗಿ ಕಾಯಿಯೂ ಬೇಯುತ್ತದೆ. ಅರ್ಧ ಬೆಂದಿದ್ದನ್ನು ತೆಗೆದು ಗುಡ್ಡೆ ಹಾಕಿ, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಹಾಕುವುದು ರೂಢಿ.

“ಅಣ್ಣಾ, ಬಿಸಿ ಅದಾವೇನು?”

“ಎಲ್ಡು ನಿಮಿಷ ನಿಂದ್ರಿ ಸರ, ಎಣ್ಣಿ ಕಾಯ್ಲಿ.”

ಆ ಎರಡು ನಿಮಿಷ ನಿಲ್ಲುವ ತಾಳ್ಮೆ ಇರುವವನೇ ಮಿರ್ಚಿ ತಿನ್ನಲು ಯೋಗ್ಯ. ಹಿಟ್ಟಿಗೆ ಸೋಡಾ ಜಾಸ್ತಿ ಹಾಕಿದವನ ಬಂಡಿಗೆ ಮಾತ್ರ ಹೋಗಬೇಡಿ. ಸೋಡಾದಿಂದ ಉಬ್ಬಿದ ಹಿಟ್ಟು ಎಣ್ಣೆಯನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ.

ಹುಬ್ಬಳ್ಳಿ, ಧಾರವಾಡದ ಗಿರ್ಮಿಟ್ ಪಕ್ಷದವರು ಇಲ್ಲಿ ತಕರಾರು ತೆಗೆಯುತ್ತಾರೆ ಎಂದು ಗೊತ್ತು. ಮಂಡಕ್ಕಿಯನ್ನು ನೆನೆಸುವುದೇ ತಪ್ಪು, ಅದರ ಗರಿಗರಿ ಉಳಿಯಬೇಕು ಎಂಬುದು ಅವರ ಹಳೆಯ ವಾದ. ಗಿರ್ಮಿಟ್ ಒಳ್ಳೆಯ ತಿನಿಸು, ಹುಣಸೆ ಬೆಲ್ಲದ ಆ ಮಸಾಲೆಗೆ ನನ್ನ ಮನ್ನಣೆ ಇದೆ. ಆದರೆ ಕಲೆಸಿದ ಮರುಗಳಿಗೆಗೆ ಮೆತ್ತಗಾಗುವ ತಿಂಡಿಯನ್ನು ಗಡಿಬಿಡಿಯಲ್ಲಿ ತಿನ್ನಬೇಕಾಗುತ್ತದೆ. ನಾಲ್ಕು ಗಂಟೆಯ ಹೊತ್ತು ಗಡಿಬಿಡಿಗೆಂದು ಹುಟ್ಟಿದ್ದಲ್ಲ. ವಗ್ಗರಣಿ ಮಾತು ಮುಗಿಯುವವರೆಗೆ ಕಾಯುತ್ತದೆ, ಬುತ್ತಿಗೆ ಕಟ್ಟಿಕೊಂಡರೂ ಕೆಡುವುದಿಲ್ಲ. ದುಡಿಯುವವರ ಊರಿಗೆ ಇದೇ ಸರಿ.

ನನ್ನ ನಿಜವಾದ ಜಗಳ ಇರುವುದು ಗೋಬಿ ಮಂಚೂರಿಯ ಜೊತೆ. ಬಣ್ಣ ಸುರಿದ ಆ ತಟ್ಟೆಯ ಬಗ್ಗೆ ಈ ಅಂಕಣದಲ್ಲಿ ಬರೆದಾಗೆಲ್ಲ ನನ್ನನ್ನು ಹಳೇ ಕಾಲದವನು ಎಂದರು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆದರೆ ಬಣ್ಣಕ್ಕಿಂತ ದೊಡ್ಡ ಕೇಡನ್ನು ಅದು ಆಗಲೇ ಮಾಡಿಯಾಗಿತ್ತು. ಗೋಬಿ ಬಂಡಿಗಳು ಬೆಳಗುವುದು ಕತ್ತಲಾದ ಮೇಲೆ. ಅವುಗಳ ಪಕ್ಕ ನಿಂತು ವ್ಯಾಪಾರ ಕಲಿತ ಮಿರ್ಚಿ ಬಂಡಿಯವರೂ ನಿಧಾನವಾಗಿ ಏಳು, ಎಂಟಕ್ಕೆ ಒಲೆ ಹಚ್ಚತೊಡಗಿದರು. ನಾಲ್ಕರ ತಿಂಡಿ ಎಂಟಕ್ಕೆ ಸರಿದಾಗ ಅದು ರಾತ್ರಿಯ ಊಟವನ್ನು ನುಂಗಿಹಾಕುತ್ತದೆ. ಚಿಲಿ ದೇಶದಲ್ಲಿ ಇದು ಪೂರ್ತಿ ನಡೆದುಹೋಗಿದೆ. ಅಲ್ಲಿ ಬಹಳ ಮನೆಗಳಲ್ಲಿ ಸಂಜೆಯ ಚಹಾ ಬ್ರೆಡ್ಡೇ ರಾತ್ರಿಯ ಊಟ. ಅವರು ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು, ಬೆಣ್ಣೆಹಣ್ಣು, ಮೊಟ್ಟೆ, ಗಿಣ್ಣಿನ ಜೊತೆ ತಿನ್ನುತ್ತಾರಾದ್ದರಿಂದ ನಡೆದೀತು. ನಾವು ಕರಿದ ಎಣ್ಣೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗಿ, ಕಾದು ಕೂತ ರೊಟ್ಟಿಗೆ ಬೇಡ ಅನ್ನುತ್ತೇವೆ.

ಬಂಡಿಯವರಿಗೆ ಇನ್ನೊಂದು ಮಾತು. ಪತ್ರಿಕೆಯಲ್ಲಿ ಬರೆಯುವವನಾಗಿಯೇ ಹೇಳುತ್ತೇನೆ, ಅಚ್ಚಾದ ಹಾಳೆಯ ಮೇಲೆ ಮಿರ್ಚಿ ಇಡಬೇಡಿ. ಬಿಸಿ ಎಣ್ಣೆಗೆ ಮಸಿ ಬಿಡುತ್ತದೆ. 2018ರ ಆಹಾರ ಸುರಕ್ಷತಾ ನಿಯಮವೂ ಇದನ್ನು ನಿಷೇಧಿಸಿದೆ. ಮುತ್ತುಗದ ಎಲೆ ನಮಗೆ ಹೊಸದೇನಲ್ಲ.

ಹೊತ್ತಿನ ಮಾತು ಬಂದಾಗಲೆಲ್ಲ ನಾನು ತೆಗೆದು ಓದುವುದು ಹಂಪಿಗೆ ಬಂದ ಪರದೇಶದವರ ಬರಹಗಳನ್ನು. 1443ರಲ್ಲಿ ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್‌ನದು ನನಗೆ ಅತ್ಯಂತ ಪ್ರಿಯ. ಅವನ ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ವರಹ ಹೋಗುತ್ತಿದ್ದವು. ಅದು ಊಟದ ಲೆಕ್ಕ. ವಾರಕ್ಕೆ ಎರಡು ಸಲ ಸಂಜೆಯಾಗುವ ಹೊತ್ತಿಗೆ ಅರಸ ಇಮ್ಮಡಿ ದೇವರಾಯ ಅವನನ್ನು ಕರೆಸಿಕೊಂಡು ಮಾತಾಡುತ್ತಿದ್ದ. ಹೋಗುವಾಗ ಅವನ ಕೈಗೆ ಬರುತ್ತಿದ್ದುದು ವೀಳ್ಯದೆಲೆಯ ಕಟ್ಟು, ಹಣದ ಚೀಲ, ಒಂದಿಷ್ಟು ಕರ್ಪೂರ. ಅಷ್ಟು ದೊಡ್ಡ ಅರಮನೆ, ಅತಿಥಿಗೆ ಹೊಟ್ಟೆ ತುಂಬಿಸುವುದನ್ನು ಅಡುಗೆಮನೆಗೆ ಬಿಟ್ಟು ಸಂಜೆಯನ್ನು ಮಾತಿಗೂ ವೀಳ್ಯಕ್ಕೂ ಇಟ್ಟುಕೊಂಡಿತ್ತು. ರಜಾಕ್ ವೀಳ್ಯದೆಲೆಯ ಗುಣವನ್ನು ಬಾಯಿತುಂಬ ಹೊಗಳಿದ್ದಾನೆ. ಇಳಿಹೊತ್ತಿನ ತಿನಿಸು ಹಗುರವಾಗಿರಬೇಕು ಎಂಬ ನನ್ನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗನ್ನು ವಿವರಿಸಿದ್ದಾನೆ. ಬೆಳಕು ಹರಿಯುವ ಮೊದಲು ಅರಸ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಸವರಿಕೊಂಡು, ತೂಕ ಎತ್ತಿ, ಕತ್ತಿ ತಿರುವಿ, ಬೆವರಿನಲ್ಲಿ ಎಣ್ಣೆ ಇಳಿಯುವವರೆಗೆ ಸಾಧನೆ ಮಾಡಿ, ಕುಸ್ತಿ ಆಡಿ, ಕುದುರೆ ಏರುತ್ತಿದ್ದನಂತೆ. ಎಣ್ಣೆಗೂ ಒಂದು ಹೊತ್ತಿತ್ತು, ಅದನ್ನು ಕರಗಿಸುವ ಕೆಲಸವೂ ಬೆನ್ನಿಗೇ ಇತ್ತು. ಪಾಯಸ್ ನೋಡಿದ ಪೇಟೆಯಲ್ಲಿ ಅಕ್ಕಿ, ಹೆಸರು, ಹುರುಳಿ, ದ್ರಾಕ್ಷಿ, ಕಿತ್ತಳೆ, ದಾಳಿಂಬೆ ಎಲ್ಲವೂ ರಾಶಿ ರಾಶಿ. ನಮ್ಮ ಮಿರ್ಚಿಯ ಮೆಣಸಿನಕಾಯಿ ಮಾತ್ರ ಅಮೆರಿಕದ ಬೆಳೆ, ಈ ದೇಶಕ್ಕೆ ಬಂದದ್ದು ಅವನ ನಾಡಿನವರ ಹಡಗುಗಳಲ್ಲಿ. ಅದೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದ ಅಡುಗೆಗಳಿಗೆ ಖಾರ ಕೊಟ್ಟದ್ದು ಕಾಳುಮೆಣಸು, ಶುಂಠಿ. ಆದರೆ ಪುರಂದರದಾಸರದ್ದೆಂದು ಹೇಳುವ ಮೆಣಸಿನಕಾಯಿಯ ಹಾಡೊಂದನ್ನು ಆಹಾರ ಚರಿತ್ರೆ ಬರೆದ ಕೆ. ಟಿ. ಅಚ್ಚಯ್ಯ ಎತ್ತಿ ತೋರಿಸಿದ್ದಾರೆ. ಅದು ದಾಸರದ್ದೇ ಆಗಿದ್ದರೆ, ಹಂಪಿಯಲ್ಲಿ ಬಾಳಿದವರೊಬ್ಬರ ಜೀವಮಾನದಲ್ಲೇ ಆ ಕಾಯಿ ನಮ್ಮದಾಗಿಬಿಟ್ಟಿತು ಎಂದಾಯಿತು.

ಇನ್ನು ಊಟಕ್ಕೂ ತಿಂಡಿಗೂ ಇರುವ ಅಂತರವನ್ನು ಕಣ್ಣಾರೆ ನೋಡಬೇಕೆನ್ನುವವರು ಹಂಪಿಯ ಭೋಜನಶಾಲೆಗೆ ಹೋಗಬೇಕು. ನೀರು ಹರಿಯಲು ಕಡಿದ ಕಾಲುವೆ, ಅದರ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಬಾಳೆಎಲೆಯಲ್ಲಿ ಬಡಿಸುವ ಜಾಗಗಳಿದ್ದಂತೆ ಪ್ರತಿ ತಟ್ಟೆಯಲ್ಲಿ ಅನ್ನಕ್ಕೊಂದು ದೊಡ್ಡ ಕುಳಿ, ಮೇಲೋಗರಗಳಿಗೆ ಸಣ್ಣ ಸಣ್ಣ ಕುಳಿಗಳು. ಪಂಕ್ತಿ ಎಂದರೆ ಇದು. ಎಲ್ಲಿ ಕೂರಬೇಕು, ಎಷ್ಟು ಬಡಿಸಬೇಕು ಎಂಬುದು ಕಲ್ಲಿನಲ್ಲೇ ನಿಶ್ಚಯವಾಗಿದೆ. ಪಂಕ್ತಿಯೂಟ ನಮ್ಮ ನಾಡಿನಲ್ಲಿ ಎಷ್ಟು ಜನರನ್ನು ಹೊರಗೆ ನಿಲ್ಲಿಸಿತ್ತು ಎಂಬುದೂ ನಮಗೆ ಗೊತ್ತು. ಮಿರ್ಚಿ ಬಂಡಿಗೆ ಪಂಕ್ತಿಯೇ ಇಲ್ಲ. ಕಬ್ಬಿನ ಗದ್ದೆಯವಳು, ಬ್ಯಾಂಕಿನವನು, ಸೊಂಡೂರಿನಿಂದ ಬಂದ ಲಂಬಾಣಿ ಅಜ್ಜಿ, ಲಾರಿ ಡ್ರೈವರ್ ಒಂದೇ ಬಾಣಲೆಯ ಸುತ್ತ ನಿಂತು, ಒಂದೇ ತಟ್ಟೆಯಿಂದ ಉಳ್ಳಾಗಡ್ಡಿ ತೆಗೆದುಕೊಳ್ಳುತ್ತಾರೆ. ಈ ಕಾರಣಕ್ಕಾಗಿಯೇ ನಾನು ನಾಲ್ಕು ಗಂಟೆಯ ಪರವಾಗಿ ಇಷ್ಟು ಜಗಳವಾಡುತ್ತಿರುವುದು. ರಾತ್ರಿ ಎಂಟಕ್ಕೆ ಬರುವವರು ಪಾರ್ಸೆಲ್ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ, ಯಾರೂ ನಿಲ್ಲುವುದಿಲ್ಲ.

ಶಾಲಾ ಪ್ರವಾಸದ ದಿನಗಳು ಹತ್ತಿರ ಬರುತ್ತಿವೆ. ಮಕ್ಕಳನ್ನು ಕಲ್ಲಿನ ರಥದ ಮುಂದೆ ನಿಲ್ಲಿಸಿ ಫೋಟೊ ತೆಗೆಸಿ ಬಸ್ ಹತ್ತಿಸುವ ಮಾಸ್ತರುಗಳು ಈ ಸಲ ಕಲ್ಲಿನ ತಟ್ಟೆಗಳ ಹತ್ತಿರವೂ ಹತ್ತು ನಿಮಿಷ ನಿಲ್ಲಿಸಲಿ. ಯಾವ ಕುಳಿಯಲ್ಲಿ ಏನು ಬಡಿಸುತ್ತಿದ್ದಿರಬಹುದು ಎಂದು ಮಕ್ಕಳನ್ನೇ ಕೇಳಲಿ. ಆಮೇಲೆ ನಾಲ್ಕು ಗಂಟೆಯೊಳಗೆ ಹೊಸಪೇಟೆಗೆ ಕರೆತಂದು ತಲೆಗೊಂದು ಪ್ಲೇಟ್ ವಗ್ಗರಣಿ, ಎರಡು ಮಿರ್ಚಿ ಕೊಡಿಸಲಿ.