ಪೂರ್ತಿ ಟಿಕೆಟ್ಟು, ಅರ್ಧ ಕಥೆ

ನಾವು ಚಿತ್ರ ವಿಮರ್ಶಕರಲ್ಲ. ಕ್ಯಾಮೆರಾದ ಕೋನ, ಸಂಕಲನದ ಲಯ ಮುಂತಾದುವು ನಮಗೆ ತಿಳಿಯದ ವಿದ್ಯೆ. ಸ್ವಂತ ದುಡ್ಡಿನಿಂದ ಟಿಕೆಟ್ಟು ಕೊಂಡು, ಮಕ್ಕಳಿಗೆ ಪಾಪ್‌ಕಾರ್ನ್ ಕೊಡಿಸಿ, ಆ ಬೆಲೆಗೆ ಮನೆಗೆ ಮೂರು ದಿನದ ತರಕಾರಿ ಬರುತ್ತಿತ್ತಲ್ಲಾ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕತ್ತಲಲ್ಲಿ ಕೂರುವ ಜನರ ಪೈಕಿ ನಾವೂ ಒಬ್ಬರು. ಹಾಗೆ ಕೂತು 2024 ಮತ್ತು 2025ರಲ್ಲಿ ನೋಡಿದ ವಿಜ್ಞಾನ ಕಲ್ಪನೆಯ ಚಿತ್ರಗಳು, ಅತಿಮಾನುಷ ವೀರರ ಚಿತ್ರಗಳು ಇವುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಇಂಥ ಚಿತ್ರಗಳ ದೊಡ್ಡ ಕಾರ್ಖಾನೆಯೇ ಈಗ ನಾವು ನೆಲೆಸಿರುವ ಈ ಊರು. ಆದ್ದರಿಂದ ಮಾತನಾಡುವ ಹಕ್ಕೂ ನಮಗೆ ಸ್ವಲ್ಪ ಉಂಟು.

ಮೊದಲಿಗೆ 'ಕಲ್ಕಿ 2898 ಎ.ಡಿ.' 2024ರ ಜೂನ್ 27ರಂದು ತೆರೆ ಕಂಡ, ನಾಗ್ ಅಶ್ವಿನ್ ನಿರ್ದೇಶಿಸಿದ ಈ ಚಿತ್ರಕ್ಕೆ ಸುಮಾರು 600 ಕೋಟಿ ರೂಪಾಯಿ ಖರ್ಚಾಯಿತೆಂದು ಪತ್ರಿಕೆಗಳು ಬರೆದವು. ಕೋಟಿಗಳ ಲೆಕ್ಕ ನಮ್ಮಂಥವರಿಗೆ ಎಟುಕುವುದಲ್ಲ, ಅದು ಹಾಗಿರಲಿ. ಗಂಗೆ ಬತ್ತಿಹೋದ ಕಾಶಿ, ಅದರ ತಲೆಯ ಮೇಲೆ ಬೋರಲು ಹಾಕಿದ ಗೋಪುರದಂತೆ ತೂಗುವ ಉಳ್ಳವರ ನಗರ, ಅಲ್ಲಿಗೆ ಸೇರಲು ಹಪಹಪಿಸುವ ಭೈರವನೆಂಬ ಕೂಲಿ ಬೇಟೆಗಾರ: ಇಷ್ಟು ಹಿನ್ನೆಲೆ. ಈ ಭೈರವ ಪ್ರಭಾಸ್. ಅವನ ಮಾತಾಡುವ ವಾಹನ 'ಬುಜ್ಜಿ'ಯನ್ನು ನಿಜವಾಗಿಯೇ ಓಡುವಂತೆ ಕಟ್ಟಿದ್ದಾರೆ. ತೂಕ ಆರು ಟನ್ನಿನ ಆಸುಪಾಸು. ರಾಮೋಜಿ ಫಿಲಂ ಸಿಟಿಯಲ್ಲಿ ಅದನ್ನು ಜನರೆದುರು ಓಡಿಸಿ ತೋರಿಸಿದಾಗ ನಮ್ಮ ಬೀದಿಯ ಹುಡುಗರೆಲ್ಲ ಒಂದು ವಾರ ಬುಜ್ಜಿಯ ಜಪವನ್ನೇ ಮಾಡಿದರು.

ಆದರೆ ಚಿತ್ರ ಮುಗಿಸಿ ಹೊರಬಂದಾಗ ನಮ್ಮ ಮನಸ್ಸಿನಲ್ಲಿ ಉಳಿದದ್ದು ಬುಜ್ಜಿಯಲ್ಲ, ಅಮಿತಾಭ್ ಬಚ್ಚನ್ ಅವರ ಅಶ್ವತ್ಥಾಮ. ಉತ್ತರೆಯ ಗರ್ಭಕ್ಕೆ ಅಸ್ತ್ರ ಹೂಡಿದವನು ಆತ. ಸಾವಿಲ್ಲದೆ ನರಳು ಎಂಬ ಶಾಪ ಹೊತ್ತು ಸಾವಿರಾರು ವರ್ಷ ಕಾದು, ಕೊನೆಗೆ ಇನ್ನೊಬ್ಬ ಬಸುರಿಯನ್ನು ಕಾಯುವ ಕೆಲಸಕ್ಕೆ ನಿಲ್ಲುತ್ತಾನೆ. ಗರ್ಭಕ್ಕೆ ಬಗೆದ ದ್ರೋಹವನ್ನು ಗರ್ಭ ಕಾಯ್ದು ತೀರಿಸಬೇಕು. ಇದು ಯಂತ್ರದಿಂದ ಹುಟ್ಟುವ ಕಲ್ಪನೆಯಲ್ಲ, ಭಾರತವನ್ನು ಮನಸ್ಸಿಟ್ಟು ಕೇಳಿದವನ ತಲೆಯಲ್ಲಿ ಮಾತ್ರ ಮೊಳೆಯುವಂಥದು. ನಾಗ್ ಅಶ್ವಿನ್ ಅವರಿಗೆ ಇದೊಂದಕ್ಕೇ ಸಾವಿರ ನಮಸ್ಕಾರ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನೆನಪು ಬಾರದಿರದು. ಬಿ.ಎಂ.ಶ್ರೀ.ಯವರು 1929ರಷ್ಟು ಹಿಂದೆಯೇ, ಗ್ರೀಕ್ ನಾಟಕಕಾರ ಸೋಫೋಕ್ಲಿಸನ 'ಏಜಾಕ್ಸ್' ಮಾದರಿಯಲ್ಲಿ 'ಅಶ್ವತ್ಥಾಮನ್' ಎಂಬ ರುದ್ರನಾಟಕ ರಚಿಸಿ, ಚಿರಂಜೀವಿಯೆನಿಸಿದವನಿಗೇ ಸಾವು ಕೊಟ್ಟರು. ಸಿನಿಮಾದವರು ಅವನಿಗೆ ಕೆಲಸ ಕೊಟ್ಟರು. ಎರಡೂ ಒಪ್ಪುವಂಥ ದಾರಿಗಳೇ.

ಇಷ್ಟು ಒಳ್ಳೆಯ ಬೀಜವಿದ್ದೂ ಚಿತ್ರಕ್ಕೆ ಆದದ್ದೇನು? ಮೂರು ಗಂಟೆಯ ಆಟದಲ್ಲಿ ಮೊದಲರ್ಧವೆಲ್ಲ ಈ ಲೋಕದ ಪರಿಚಯಕ್ಕೇ ಹೋಯಿತು. ನಡುವೆ ಅತಿಥಿ ನಟರ ಮೆರವಣಿಗೆ. ನಿರ್ದೇಶಕ ರಾಜಮೌಳಿಯವರೂ ಬಂದು ಹೋದರು, ರಾಮ್‌ಗೋಪಾಲ್ ವರ್ಮರೂ ಬಂದು ಹೋದರು. ಕಮಲ ಹಾಸನ್‌ರಂಥ ನಟ ಖಳನಾಗಿ ಇದ್ದಾರೆಂದು ಕಾದರೆ ಅವರು ನಾಲ್ಕು ಗಳಿಗೆ ಕಾಣಿಸಿಕೊಂಡು ಮಾಯವಾದರು. ಕಥೆ ಕಾವೇರುತ್ತಿದೆ, ಭೈರವ ಯಾರೆಂಬ ಗುಟ್ಟು ಈಗಷ್ಟೇ ಬಿಚ್ಚಿಕೊಂಡಿದೆ ಎನ್ನುವಾಗ ದೀಪ ಹತ್ತಿತು. ಮುಂದಿನದು ಮುಂದಿನ ಭಾಗದಲ್ಲಂತೆ! ತೆಲಂಗಾಣದಲ್ಲಿ ಮೊದಲ ದಿನಗಳಿಗೆ ಟಿಕೆಟ್ ದರ ಏರಿಸಲು ಸರ್ಕಾರದ ವಿಶೇಷ ಅನುಮತಿ ಬೇರೆ ಸಿಕ್ಕಿತ್ತು. ಹೆಚ್ಚಿನ ದರಕ್ಕೆ ಅರ್ಧ ಕಥೆ. ಇದನ್ನು ಕಿರಾಣಿ ಅಂಗಡಿಯವನು ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಉಳಿದರ್ಧದ ಗತಿಯನ್ನೂ ಕೇಳಿ. ಆ ಬಸುರಿಯ ಪಾತ್ರ ವಹಿಸಿದವರು ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ; ಅವರ ಮೊದಲ ಚಿತ್ರ 2006ರ ಕನ್ನಡದ 'ಐಶ್ವರ್ಯ' ಎಂಬುದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಎರಡನೆಯ ಭಾಗದಲ್ಲಿ ಅವರಿರುವುದಿಲ್ಲವೆಂದು ನಿರ್ಮಾಪಕರೇ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಯಾರ ತಪ್ಪೆಂಬ ವಿಚಾರ ನಮಗೆ ಬೇಡ. ಅಶ್ವತ್ಥಾಮ ಮೂರು ಗಂಟೆ ಹೋರಾಡಿ ಕಾಯ್ದ ತಾಯಿಯ ಮುಖವೇ ನಡುದಾರಿಯಲ್ಲಿ ಬದಲಾಗುತ್ತದೆ ಎಂದರೆ, ಮುಗಿಸದೆ ಬಿಟ್ಟ ಕಥೆಗೆ ಎಂಥೆಂಥ ಗಂಡಾಂತರಗಳು ಕಾದಿರುತ್ತವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಚಾಳಿ 'ಕಲ್ಕಿ'ಯೊಂದರದಲ್ಲ. 2024ರ ಸಂಕ್ರಾಂತಿಗೆ ಬಂದ ಪ್ರಶಾಂತ್ ವರ್ಮರ 'ಹನುಮಾನ್' ಕಡಿಮೆ ಖರ್ಚಿನಲ್ಲಿ ಮಾಡಿದ ಲವಲವಿಕೆಯ ಚಿತ್ರ. ಕೈಲಾಗದ ಹಳ್ಳಿ ಹುಡುಗನಿಗೆ ಒಂದು ಮಣಿ ಸಿಕ್ಕಿ ಆಂಜನೇಯನ ಬಲ ಬರುತ್ತದೆ. ಹಳ್ಳಿಯ ಹೆಸರು ಅಂಜನಾದ್ರಿ. (ಆನೆಗೊಂದಿಯ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿರುವ ಗಂಗಾವತಿ, ಕೊಪ್ಪಳದ ಕಡೆಯ ನಮ್ಮ ಬಂಧುಗಳು ಇದು ನಮ್ಮದೇ ಬೆಟ್ಟ ಎಂದಾರು; ತಿರುಪತಿಯವರು 2021ರಲ್ಲೇ ನಮ್ಮದು ಎಂದಿದ್ದಾರೆ. ಈ ವ್ಯಾಜ್ಯ ಸಿನಿಮಾದಿಂದ ತೀರುವಂಥದಲ್ಲ.) ಆದರೆ ಇಲ್ಲಿಯೂ ಕೊನೆಯ ಹದಿನೈದು ನಿಮಿಷ ಮುಂದಿನ ಚಿತ್ರದ ಡಂಗುರವೇ. ಆ ಮುಂದಿನ ಚಿತ್ರದಲ್ಲಿ ಹನುಮಂತನ ಪಾತ್ರ ನಮ್ಮ ಕುಂದಾಪುರದ ಕಡೆಯ ರಿಷಬ್ ಶೆಟ್ಟಿಯವರಿಗೆಂದು ಅದೇ ವರ್ಷ ಪ್ರಕಟಣೆಯಾದಾಗ ನಮಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಬೇಕು. 2025ರ ಮಲಯಾಳದ 'ಲೋಕಾ' ತನ್ನ ಹೆಸರಿನಲ್ಲೇ 'ಅಧ್ಯಾಯ ಒಂದು' ಎಂದು ಸಾರಿಕೊಂಡು ಬಂತು. ಅದರ ಕಥೆ ನಡೆಯುವುದು ಬೆಂಗಳೂರಿನಲ್ಲಿ. ಕೇರಳದ ಹಳೆಯ ಯಕ್ಷಿ ಕಥೆಯ ನೀಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹುಡುಗಿಯಾಗಿ ಬಂದು ಸೇರುತ್ತಾಳೆ. ಬೆಂಗಳೂರಿನ ಹುಡುಗಿಯರನ್ನು ಕುರಿತ ಒಂದು ಮಾತಿಗೆ ಕನ್ನಡಿಗರು ಆಕ್ಷೇಪಿಸಿದರು. ನಿರ್ಮಾಪಕರು ಕ್ಷಮೆ ಕೇಳಿದರು. ಅದು ಮುಗಿದ ಸಂಗತಿ. ಊರು ಬಿಟ್ಟು ಬಂದವಳಿಗೆ ರಾತ್ರಿಯೇ ಆಸರೆಯಾಗುವ ಚಿತ್ರಣ ಮಾತ್ರ ವಲಸೆ ಬಂದ ನಮ್ಮಂಥವರಿಗೆ ನಾಟಿತು.

ಮಹಾಭಾರತವೂ ಒಂದೇ ರಾತ್ರಿಗೆ ಮುಗಿಯುತ್ತಿತ್ತೆ, ದೇವಸ್ಥಾನದ ಜಗಲಿಯಲ್ಲಿ ಗಮಕಿಗಳು ತಿಂಗಳುಗಟ್ಟಲೆ ಓದುತ್ತಿರಲಿಲ್ಲವೆ, ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಬಳ್ಳಾರಿ, ರಾಯಚೂರು ಸೀಮೆಯ ಬಯಲಾಟ ನೋಡಿದವರಿಗೆ ಗೊತ್ತು: ರಾತ್ರಿ ಗಣಪತಿ ಪೂಜೆಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ಆ ಪ್ರಸಂಗ ಪೂರ್ತಿ. ಭಾರತ ಉಳಿದಿರುತ್ತಿತ್ತು, ಆ ರಾತ್ರಿಯ ಕಥೆ ಉಳಿದಿರುತ್ತಿರಲಿಲ್ಲ. 'ಚಂದಮಾಮ'ದ ಬೇತಾಳನನ್ನು ನೆನೆಯಿರಿ. ಛಲ ಬಿಡದ ತ್ರಿವಿಕ್ರಮ ತಿಂಗಳು ತಿಂಗಳೂ ಹೆಣ ಹೊತ್ತು ನಡೆದ, ಆ ನಡಿಗೆಗೆ ಕೊನೆಯೇ ಇರಲಿಲ್ಲ. ಆದರೂ ಆಯಾ ತಿಂಗಳ ಕಥೆಗೆ ಉತ್ತರ ಆ ಸಂಚಿಕೆಯಲ್ಲೇ ಸಿಕ್ಕಿಬಿಡುತ್ತಿತ್ತು. ಎಂಟಾಣೆಯೋ ಒಂದು ರೂಪಾಯಿಯೋ ಕೊಟ್ಟ ಮಗುವಿಗೆ ಮೋಸವಾಗುತ್ತಿರಲಿಲ್ಲ.

ಆ 'ಚಂದಮಾಮ' ನಡೆಸಿದ ನಾಗಿರೆಡ್ಡಿ-ಚಕ್ರಪಾಣಿಯವರೇ 1957ರಲ್ಲಿ 'ಮಾಯಾಬಜಾರ್' ತೆಗೆದವರು. ಕೆ.ವಿ. ರೆಡ್ಡಿಯವರ ಆ ಚಿತ್ರ ಕನ್ನಡಕ್ಕೂ ಡಬ್ ಆಗಿತ್ತು. ಅದರಲ್ಲಿ 'ಪ್ರಿಯದರ್ಶಿನಿ' ಎಂಬ ಪೆಟ್ಟಿಗೆಯೊಂದಿದೆ. ತೆರೆದವರಿಗೆ ಅವರವರ ಮನಸ್ಸಿನಲ್ಲಿ ಇದ್ದವರೇ ಕಾಣುತ್ತಾರೆ. ಶಶಿರೇಖೆ ತೆರೆದರೆ ಅಭಿಮನ್ಯು. ಶ್ರೀಕೃಷ್ಣ ತೆರೆದರೆ ಶಕುನಿ! ಕೃಷ್ಣನ ಪಾತ್ರದ ಆಳವೆಲ್ಲ ಆ ಒಂದು ಕ್ಷಣದಲ್ಲಿ ಬಂತು. ಗಣಕಯಂತ್ರ ಇಲ್ಲದ ಕಾಲದಲ್ಲಿ, ಕಪ್ಪು ಬಿಳುಪಿನಲ್ಲಿ, ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾ ಸಾಧಿಸಿದ ಚಮತ್ಕಾರ ಇದು. ಯಂತ್ರ ಮನುಷ್ಯನ ಮನಸ್ಸನ್ನು ತೆರೆಯಿತು. ಈಗಿನ ಚಿತ್ರಗಳಲ್ಲಿ ಯಂತ್ರ ಇನ್ನೊಂದು ಯಂತ್ರವನ್ನು ಒಡೆಯುತ್ತದೆ, ಅಷ್ಟೆ. ಇಪ್ಪತ್ತು ನಿಮಿಷ ಒಡೆದಾಟ ನೋಡಿದ ಮೇಲೆ ನಮ್ಮ ಪಕ್ಕದಲ್ಲಿ ಕೂತ ಹಿರಿಯರು ನಿದ್ದೆ ಹೋಗಿದ್ದರು, ಅವರನ್ನು ದೂರುವಂತಿಲ್ಲ.

ಇದೇ ಪರಂಪರೆಯಲ್ಲಿ ಬಂದವರು ಸಿಂಗೀತಂ ಶ್ರೀನಿವಾಸರಾವ್. ಕನ್ನಡಿಗರಿಗೆ ಅವರನ್ನು ಪರಿಚಯಿಸಬೇಕಾದ್ದಿಲ್ಲ: ಡಾ. ರಾಜಕುಮಾರರ 'ಹಾಲು ಜೇನು', 'ಚಲಿಸುವ ಮೋಡಗಳು' ಅವರವೇ, ಮಾತಿಲ್ಲದೆ ಬೆಂಗಳೂರಿನಲ್ಲಿ ಚಿತ್ರಿತವಾದ 1987ರ 'ಪುಷ್ಪಕ ವಿಮಾನ'ವೂ ಅವರದೇ. 1991ರಲ್ಲಿ ಅವರು ತೆಲುಗಿನಲ್ಲಿ 'ಆದಿತ್ಯ 369' ತೆಗೆದರು. ಕಾಲಯಂತ್ರವೇರಿದ ನಾಯಕ ನಾಯಕಿಯರು 1526ರ ವಿಜಯನಗರಕ್ಕೆ ಹೋಗಿ ಶ್ರೀಕೃಷ್ಣದೇವರಾಯರನ್ನು ಕಾಣುತ್ತಾರೆ, ಅಲ್ಲಿಂದ 2504ನೆಯ ಇಸವಿಗೆ ಹಾರಿ ನೆಲದಡಿಯಲ್ಲಿ ಬದುಕುವ ಜನರನ್ನು ಕಾಣುತ್ತಾರೆ. 2025ರ ಏಪ್ರಿಲ್‌ನಲ್ಲಿ ಇದು ಮತ್ತೆ ಬಿಡುಗಡೆಯಾದಾಗ ನಾವು ಮಕ್ಕಳನ್ನು ಕರೆದುಕೊಂಡು ಹೋದೆವು. ಯಂತ್ರವೋ ಇಂದಿನ ಕಣ್ಣಿಗೆ ಆಟದ ಸಾಮಾನಿನಂತಿದೆ. ಮಕ್ಕಳು ಮೊದಲು ನಕ್ಕರು, ಹತ್ತು ನಿಮಿಷದಲ್ಲಿ ನಗು ನಿಲ್ಲಿಸಿ ನೋಡತೊಡಗಿದರು. ಆ ಹಂಪೆ ತೆಲುಗು ಮಾತಾಡುವುದು ಕೇಳಿ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. 'ಆಮುಕ್ತಮಾಲ್ಯದ' ಬರೆದವರು, ಅವರು ನಮ್ಮವರು ಎಂದು ಎದುರು ಮನೆಯ ತೆಲುಗಿನವರು. ಕನ್ನಡ ರಾಜ್ಯ ರಮಾರಮಣ ಎಂದು ನಾವು. ಕೊನೆಗೆ ಎರಡೂ ಮನೆಯವರು ಕೂತು ಕಾಫಿ ಕುಡಿದೆವು. ಸಿನಿಮಾ ನೋಡಿದ ಮೇಲೆ ಜಗಳಕ್ಕಾದರೂ ಒಂದು ವಿಷಯ ಸಿಗಬೇಕಲ್ಲ! 'ಕಲ್ಕಿ'ಯ ಕಥೆ ರೂಪುಗೊಳ್ಳುವಾಗ ಇದೇ ಸಿಂಗೀತಂ ಅವರನ್ನು ಮಾರ್ಗದರ್ಶಕರನ್ನಾಗಿ ಕರೆದುಕೊಂಡರೆಂದು 2020ರಲ್ಲಿ ಸುದ್ದಿ ಬಂದಿತ್ತು. ಒಂದೇ ಆಟದಲ್ಲಿ ಮೂರು ಕಾಲ ಸುತ್ತಿಸಿ ಮನೆಗೆ ತಂದು ಬಿಡುವ ಅವರ ವಿದ್ಯೆಯೂ ಶಿಷ್ಯರಿಗೆ ದಾಟಬೇಕಿತ್ತು.

ಹಾಲಿವುಡ್ಡಿನವರು ಈ ಮುಂದುವರಿಸುವ ಚಾಳಿಯ ಮೂಲ ಗುರುಗಳು. 2018ರ ಅವೆಂಜರ್ಸ್ ಚಿತ್ರದಲ್ಲಿ ಜಗತ್ತಿನ ಅರ್ಧ ಜೀವಿಗಳನ್ನು ಬೂದಿ ಮಾಡಿ, ಮರುವರ್ಷ ಅವರನ್ನೆಲ್ಲ ಮತ್ತೆ ತಂದರು; ಅಲ್ಲಿಂದಾಚೆಗೆ ಅವರ ಚಿತ್ರಗಳಲ್ಲಿ ಯಾರು ಸತ್ತರೂ ನಮಗೆ ಕಣ್ಣೀರು ಬಂದಿಲ್ಲ. ಆದರೆ 2025ರಲ್ಲಿ ಅವರಿಗೂ ಬುದ್ಧಿ ಬಂದಂತಿದೆ. ಆ ವರ್ಷದ 'ಸೂಪರ್‌ಮ್ಯಾನ್' ಕಾದಾಟದ ನಡುವೆ ಒಂದು ಅಳಿಲನ್ನು ಎತ್ತಿ ಬದಿಗಿಡುತ್ತಾನೆ. ಕೆಲವರು ನಕ್ಕರಂತೆ. ಸೇತುವೆ ಕಟ್ಟಿದ ಅಳಿಲಿನ ಬೆನ್ನು ಸವರಿದ ರಾಮನನ್ನು ಕೇಳಿ ಬೆಳೆದ ನಾವು ನಗಲಿಲ್ಲ. ನಗರವೇ ಸೀಳಿಹೋಗುವ ದೃಶ್ಯಕ್ಕಿಂತ, ಅವನೂ ಪತ್ರಕರ್ತೆ ಲೋಯಿಸಳೂ ಕೋಣೆಯಲ್ಲಿ ಕೂತು ಯುದ್ಧ ತಡೆಯುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ವಾದಿಸುವ ದೃಶ್ಯ ನಮ್ಮನ್ನು ಹೆಚ್ಚು ಹಿಡಿಯಿತು. ಅದೇ ತಿಂಗಳು ಬಂದ 'ಫೆಂಟಾಸ್ಟಿಕ್ ಫೋರ್'ನಲ್ಲಿ ಲೋಕ ಉಳಿಯಬೇಕಾದರೆ ನಿಮ್ಮ ಕೂಸನ್ನು ಕೊಡಿ ಎಂದು ರಾಕ್ಷಸ ಕೇಳುತ್ತಾನೆ. ಕೊಡುವುದಿಲ್ಲ ಎಂದ ತಂದೆ ತಾಯಿಯರ ಮೇಲೆ ಊರೇ ಮುನಿಯುತ್ತದೆ. 'ಕಲ್ಕಿ'ಯಂತೆ ಇದೂ ಕೂಸು ಕಾಯುವ ಕಥೆ. ಒಂದೇ ವ್ಯತ್ಯಾಸವೆಂದರೆ ಕೂಸಿನ ಗತಿ ಏನಾಯಿತೆಂದು ತಿಳಿದುಕೊಂಡು ನಾವು ಮನೆಗೆ ಬಂದೆವು.

ಈಗ ಕನ್ನಡದ ಮಾತು. 2024ರ ಡಿಸೆಂಬರಿನಲ್ಲಿ ಬಂದ ಉಪೇಂದ್ರರ 'ಯುಐ'ನಲ್ಲೂ ಒಬ್ಬ ಕಲ್ಕಿ ಇದ್ದಾನೆ. ಬುದ್ಧಿವಂತರು ಈಗಲೇ ಎದ್ದು ಹೋಗಿರೆಂದು ಆರಂಭದಲ್ಲೇ ಪ್ರೇಕ್ಷಕರನ್ನು ಕೆಣಕುವ ಚಿತ್ರ ಅದು. ನಾವು ಎದ್ದು ಹೋಗಲಿಲ್ಲ, ಅರ್ಥವೂ ಅರೆಬರೆ ಆಯಿತು. ಧೈರ್ಯ ಮೆಚ್ಚಿದೆವು, ಗದ್ದಲಕ್ಕೆ ತಲೆನೋವು ಬಂತು. ಆದರೆ ಅದೇ ವರ್ಷದ ಮಾರ್ಚಿಯಲ್ಲಿ ಬಂದ, ಶ್ರೀನಿಧಿ ಬೆಂಗಳೂರು ನಿರ್ದೇಶನದ 'ಬ್ಲಿಂಕ್' ಎಂಬ ಸಣ್ಣ ಚಿತ್ರ ನಮ್ಮ ನಿದ್ದೆ ಕೆಡಿಸಿತು. ಅಲ್ಲಿ ಕಾಲದಲ್ಲಿ ಸಂಚರಿಸಲು ರಥ ಬೇಡ, ಆರು ಟನ್ನಿನ ಕಬ್ಬಿಣ ಬೇಡ. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ನಾಯಕ ಬೇರೊಂದು ಕಾಲದಲ್ಲಿ ಇರಬಲ್ಲ. ರೆಪ್ಪೆ ಬಡಿದರೆ ಮುಗಿಯಿತು. ನೋಡುತ್ತ ನೋಡುತ್ತ ನಾವೂ ರೆಪ್ಪೆ ಬಿಗಿಹಿಡಿದು ಕೂತಿದ್ದೆವು! ಪವಾಡಕ್ಕೆ ಹೀಗೊಂದು ಮಿತಿ ಇಟ್ಟೊಡನೆ ನಮ್ಮ ಎದೆ ತಾನಾಗಿ ಹೊಡೆದುಕೊಳ್ಳುತ್ತದೆ. ಎಲ್ಲವನ್ನೂ ಮಾಡಬಲ್ಲವನ ಬಗ್ಗೆ ನಾವೇಕೆ ಚಿಂತಿಸಬೇಕು? ಕಥೆಯ ಒಳಗೆ 'ಈಡಿಪಸ್' ನಾಟಕದ ನೆರಳಿದೆ. ಬಿ.ಎಂ.ಶ್ರೀ.ಯವರ ಆ ಸೋಫೋಕ್ಲಿಸ್ ಇಲ್ಲಿ ಇನ್ನೊಂದು ಬಾಗಿಲಿನಿಂದ ಬಂದಿದ್ದಾನೆ ಎನ್ನೋಣ.

ಬೇಸರದ ಸಂಗತಿಯೆಂದರೆ, ಈ ಚಿತ್ರವನ್ನು ನಾವು ಹೈದರಾಬಾದಿನಲ್ಲಿ ನೋಡಿದ್ದು ಮನೆಯ ಟಿ.ವಿ.ಯಲ್ಲಿ. 'ಕಲ್ಕಿ'ಗೆ ಕನ್ನಡದ ಧ್ವನಿಯೂ ಇತ್ತು. ಆದರೆ ಇಲ್ಲಿ ನಮಗೆ ಸಿಕ್ಕದ್ದು ತೆಲುಗಿನದು. ಹೀಗಾಗಿ ನಮ್ಮ ಮಕ್ಕಳ ಬೆರಗೆಲ್ಲ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬೆಳೆಯುತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲ, ನಾವು ಉಣ್ಣುವ ಅನ್ನ ಈ ನೆಲದ್ದು. ಆದರೂ 'ಕಲ್ಕಿ' ನೋಡಿ ಬಂದ ರಾತ್ರಿ, ಅಶ್ವತ್ಥಾಮನ ಹಣೆಯಲ್ಲಿ ಗಾಯವೇಕೆ ಎಂದು ಮಕ್ಕಳು ಕೇಳಿದಾಗ ಉತ್ತರ ಹೇಳಿದವರು ರಾಯಚೂರಿನಿಂದ ಬಂದಿದ್ದ ಅಜ್ಜಿ, ಅದೂ ಅಪ್ಪಟ ಆ ಕಡೆಯ ಕನ್ನಡದಲ್ಲಿ. ದ್ರೋಣ, ಉಪಪಾಂಡವರು, ಶಿರೋಮಣಿ, ಶಾಪ, ಪರೀಕ್ಷಿತ, ಎಲ್ಲ ಅರ್ಧ ಗಂಟೆಯಲ್ಲಿ. 600 ಕೋಟಿಯಲ್ಲಿ ಮುಗಿಯದ ಕಥೆ ಹಾಸಿಗೆಯ ಮೇಲೆ ಮುಗಿಯಿತು.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಈ ಮೂಲಕ ಒಂದು ಬಿನ್ನಹ. ಹಕ್ಕುದಾರರ ಒಪ್ಪಿಗೆ ಪಡೆದು ಒಂದು ಭಾನುವಾರ ಸಂಜೆ 'ಬ್ಲಿಂಕ್' ಚಿತ್ರವನ್ನು ನಮ್ಮ ಸಭಾಂಗಣದಲ್ಲಿ ತೋರಿಸಿದರೆ, ಮಕ್ಕಳು ಹತ್ತು ಮಂದಿ ಜೊತೆಗೂಡಿ ಕನ್ನಡದಲ್ಲೇ ಬೆರಗಾಗುವ ಅವಕಾಶ ಒಮ್ಮೆಯಾದರೂ ಸಿಕ್ಕೀತು. ಪಾಪ್‌ಕಾರ್ನ್ ಬೇಡ, ಒಗ್ಗರಣೆ ಹಾಕಿದ ಮಂಡಕ್ಕಿಯ ಹೊಣೆ ನಮ್ಮ ಮನೆಯವರು ಹೊತ್ತುಕೊಳ್ಳುತ್ತಾರೆ. ಆಟವನ್ನು ಐದು ಗಂಟೆಗೇ ಆರಂಭಿಸಿದರೆ ಮಿಯಾಪುರದವರೂ ಎಲ್.ಬಿ. ನಗರದವರೂ ಮೆಟ್ರೋ ಹಿಡಿದು ಊಟದ ಹೊತ್ತಿಗೆ ಮನೆ ಸೇರಬಹುದು.