ಕಾಟಕಾಯಿ ಎಂಬ ಮಾತನ್ನು ಅಳಿಸಬಾರದು

ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅಮರ ಸುಳ್ಯ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರ ನವೆಂಬರ್‌ನಲ್ಲಿ ಅನಾವರಣಗೊಂಡಾಗ ಸುಳ್ಯ ಸೀಮೆಯವರಿಗೆ ಆದ ಸಂತೋಷ ಸಣ್ಣದಲ್ಲ. 1837ರ ಏಪ್ರಿಲ್‌ನಲ್ಲಿ ಇದೇ ಗುಡ್ಡದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದ ರೈತರಿಗೆ ಕೊನೆಗೂ ಒಂದು ಗುರುತು ಸಿಕ್ಕಿತಲ್ಲ ಎಂಬ ಸಂತೋಷ ಅದು. ನನಗೂ ಆ ಸಂತೋಷ ಇದೆ. ಆದರೆ ಪ್ರತಿಮೆಯ ಜೊತೆಜೊತೆಗೆ ನಾವು ಹೇಳಿಕೊಂಡು ಬರುತ್ತಿರುವ ಕಥೆಯ ಬಗ್ಗೆ ನನ್ನ ತಕರಾರಿದೆ. ಪ್ರತಿ ಭಾಷಣವೂ 1857ಕ್ಕಿಂತ ಇಪ್ಪತ್ತು ವರ್ಷ ಮೊದಲೇ ಎಂದು ಶುರುವಾಗುತ್ತದೆ. ಮೀರತ್‌ನ ಗಜಕೋಲಿನಲ್ಲಿ ಅಳೆದರೆ ಅಮರ ಸುಳ್ಯದ ಉದ್ದ ಗೊತ್ತಾಗುವುದಿಲ್ಲ.

ಅದನ್ನು ಅಳೆಯಬೇಕಾದ್ದು ಅಕ್ಕಿಮುಡಿಯಲ್ಲಿ. ಮುಡಿ ಕಟ್ಟುವುದನ್ನು ಕಂಡವರು ಈಗ ಕಡಿಮೆ. ಬೈಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲೆಳೆದು, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿಯುತ್ತಾರೆ. ನಡುನಡುವೆ ಬಡಿದು ಉರುಟು ಮಾಡುತ್ತಾರೆ. ಸರಿಯಾಗಿ ಕಟ್ಟಿದ ಮುಡಿಯಿಂದ ಒಂದು ಕಾಳೂ ಉದುರುವುದಿಲ್ಲ. ಕೊಡಗಿನ ಅರಸರ ಕಾಲದಲ್ಲಿ ಅಮರ ಸುಳ್ಯದ ರೈತ ತನ್ನ ಗದ್ದೆಯ ಬೆಳೆಯಲ್ಲೇ ಕಂದಾಯ ಸಲ್ಲಿಸುತ್ತಿದ್ದ. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಅಮರ ಸುಳ್ಯ ಸೇರಿದಂತೆ ಘಟ್ಟದ ಕೆಳಗಿನ ಮಾಗಣೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು, ಕಂದಾಯವನ್ನು ನಗದಿನಲ್ಲಿ ಕೇಳಿತು. ಮರುವರ್ಷ, 1835ರಲ್ಲಿ, ನಾಲ್ಕನೇ ವಿಲಿಯಂ ದೊರೆಯ ತಲೆಯಿದ್ದ ಹೊಸ ಬೆಳ್ಳಿ ರೂಪಾಯಿಯನ್ನೂ ಹೊರಡಿಸಿತು.

ಬೆಳೆಯನ್ನು ನಾಣ್ಯ ಮಾಡುವುದೆಂದರೆ ಏನೆಂದು ಗೇಣಿ ಕಟ್ಟಿದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೊಯ್ಲು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾರಲು ಹೊರಡುತ್ತಾರೆ, ಕ್ರಯ ಬೀಳುತ್ತದೆ. ಕಂತಿನ ದಿನ ಮಾತ್ರ ಮುಂದೆ ಹೋಗುವುದಿಲ್ಲ. ಕೈಯಲ್ಲಿ ಹಣವಿದ್ದ ವರ್ತಕನೆದುರು ರೈತ ನಿಲ್ಲಬೇಕಾಯಿತು. ಮಳೆ ಕೈಕೊಟ್ಟ ವರ್ಷವೂ ರೂಪಾಯಿಯ ಲೆಕ್ಕ ಬದಲಾಗುವುದಿಲ್ಲ. ಮೇಲಿಂದ ಉಪ್ಪು, ಹೊಗೆಸೊಪ್ಪು ಎರಡರ ವ್ಯಾಪಾರವೂ ಕಂಪನಿಯ ಮುಷ್ಟಿಯಲ್ಲಿತ್ತು. ದಂಗೆಗೆಂದು ಪೂಮಲೆಯ ಕಾಡಿನಲ್ಲಿ ಜನ ಸೇರಿದ್ದು ಈ ಸಂಕಟವನ್ನು ಹೊತ್ತುಕೊಂಡು. ಪ್ರತಿಮೆಯ ಕಥೆಯಲ್ಲಿ ಈ ಮುಡಿಯೂ ಇಲ್ಲ, ಈ ರೂಪಾಯಿಯೂ ಇಲ್ಲ.

ರಾಮಯ್ಯ ಗೌಡರ ರಾಜಕಾರಣ ಎಷ್ಟು ಸೂಕ್ಷ್ಮದ್ದು ಎಂಬುದೂ ಆ ಕಥೆಯಲ್ಲಿ ಕಾಣೆ. ಜನ ಬರುವುದು ಅರಸನ ಹೆಸರಿಗೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಲಾಯಿತು. ಗೌಡರ ಮಗನ ಮದುವೆಯ ನೆವದಲ್ಲಿ ದಂಡು ಕೂಡಿತು ಎನ್ನುವುದು ಊರಿನ ನೆನಪು. ಮಾರ್ಚ್ ಕೊನೆಯಲ್ಲಿ ಹೊರಟವರು ಬೆಳ್ಳಾರೆಯ ಖಜಾನೆ ಹಿಡಿದರು. ಪುತ್ತೂರಿಗೆ ಬಂದ ಕಲೆಕ್ಟರ್ ಲೆವಿನ್ ಹಿಂದಕ್ಕೆ ಓಡಬೇಕಾಯಿತು. ಬಂಟ್ವಾಳ, ಪಾಣೆಮಂಗಳೂರು ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಸೇರಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಗೌಡರ ಜೊತೆಗೆ ನಂದಾವರದ ಬಂಗರಸನಂಥ ಜೈನ ಅರಸು ಮನೆತನದವರೂ ಇದ್ದರು. ಕಣ್ಣೂರಿನಿಂದ ಕಂಪನಿಯ ಪಡೆ ಬಂದ ಮೇಲೆ ಎಲ್ಲ ಮುಗಿಯಿತು. ಜನರ ಬಾಯಲ್ಲಿ ಕಲ್ಯಾಣಪ್ಪನಾಗಿದ್ದ ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ.

ಹೊರಡುವಾಗಲೇ ಅಟ್ಲೂರು ರಾಮಪ್ಪಯ್ಯನನ್ನು ಕಂಪನಿಯ ಪಕ್ಷದವನೆಂದು ಕೊಂದಿದ್ದರು. ಭಾಷಣಗಳಲ್ಲಿ ಇದನ್ನು ದಾಟಿಸಿಬಿಡುತ್ತೇವೆ, ಇಲ್ಲವೇ ಅವನನ್ನು ಬರೀ ದುಷ್ಟನೆಂದು ಹೇಳಿ ಮುಗಿಸುತ್ತೇವೆ. ಎರಡೂ ಸರಿಯಲ್ಲ. ಸೇರಿದವರ ಕೈಗೆ ರಕ್ತ ಅಂಟಿದ ಮೇಲೆ ಮನೆಗೆ ಮರಳುವ ದಾರಿ ಉಳಿಯಲಿಲ್ಲ. ಬಂಡಾಯ ಬಂಡಾಯವಾಗಿ ಗಟ್ಟಿಯಾದದ್ದು ಆ ಕ್ಷಣದಲ್ಲಿ. ಇದನ್ನು ನೋಡದೆ ರಾಮಯ್ಯ ಗೌಡರು ಹೊತ್ತ ಭಾರ ಎಂಥದೆಂದು ಹೇಗೆ ತಿಳಿಯುತ್ತದೆ?

ಜನ ಈ ದಂಗೆಗೆ ಇಟ್ಟ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ದಾಂಧಲೆ, ಲೂಟಿ. ಈ ಮಾತು ಅವಮಾನ, ಬಿಡಬೇಕು ಎನ್ನುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಅದು ಉಳಿಯಬೇಕೆಂದೇ ನನ್ನ ವಾದ. ಪೇಟೆಯಲ್ಲಿ ಅಂಗಡಿ ಇದ್ದವನ ಹೆದರಿಕೆ ಅದರಲ್ಲಿದೆ, ಗೆದ್ದ ಕಂಪನಿಯ ತೀರ್ಪೂ ಇದೆ. ಸೋತವರನ್ನು ಊರು ಯಾವ ಬಾಯಿಯಿಂದ ನೆನೆಯಬೇಕಾಯಿತು ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗಲಾರದು.

ಸೋತವರ ಸ್ವಂತ ಮಾತಂತೂ ನಮಗೆ ಉಳಿದಿಲ್ಲ. ಅದೇ ವರ್ಷಗಳಲ್ಲಿ ಐರ್ಲೆಂಡಿನ ಹಳ್ಳಿಗಳೂ ಹೊತ್ತಿ ಉರಿಯುತ್ತಿದ್ದವು. ಕೆಥೊಲಿಕ್ ರೈತರು ತಮ್ಮದಲ್ಲದ ಪ್ರೊಟೆಸ್ಟೆಂಟ್ ಚರ್ಚಿಗೆ ದಶಾಂಶ ತೆರಬೇಕಿತ್ತು. ಬೆಳೆ, ಜಾನುವಾರಿನಲ್ಲಿ ಕೊಡುತ್ತಿದ್ದುದನ್ನು 1823ರ ಕಾನೂನು ನಗದಿಗೆ ತಿರುಗಿಸಿತು. 1831ರಿಂದ ಅವರು ಕೊಡುವುದಿಲ್ಲವೆಂದು ನಿಂತರು. ಆದರೆ ಅವರ ಪರವಾಗಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡೇನಿಯಲ್ ಓಕಾನೆಲ್ ಇದ್ದ. ವಕೀಲ, ಮಹಾ ಮಾತುಗಾರ. ಅವನ ಭಾಷಣ, ಪತ್ರ ಎಲ್ಲ ಅಚ್ಚಾಗಿ ಉಳಿದಿವೆ. ಅವನ ಜೀವನಚರಿತ್ರೆಯನ್ನು ಅವನ ಮಾತಿನಿಂದಲೇ ಕಟ್ಟಬಹುದು. ನಮ್ಮಲ್ಲಾದರೋ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದೇ 1843ರಲ್ಲಿ, ಬಾವುಟ ಇಳಿದು ಆರು ವರ್ಷದ ಮೇಲೆ. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ಈ ದಂಗೆಯ ಕಥೆ ಇದೆ, ಪಾದ್ರಿಯೊಬ್ಬರ ಕಣ್ಣಿನಿಂದ. ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ತಮ್ಮವರೊಡನೆ ರಾತ್ರಿಯೆಲ್ಲ ಮಾತಾಡಿರಬೇಕಾದ ರಾಮಯ್ಯ ಗೌಡರು ನಮ್ಮ ಕೈಗೆ ಸಿಗುವುದು ಬೇರೆಯವರ ಬರವಣಿಗೆಯಲ್ಲಿ.

ಈ ಮೌನವನ್ನು ತುಂಬಲು ಕೈ ಹಾಕಿದವರಲ್ಲಿ ಕಾದಂಬರಿಕಾರ ನಿರಂಜನರು ದೊಡ್ಡವರು. ಹುಟ್ಟಿದ್ದು 1924ರಲ್ಲಿ ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ, ಈಗದು ಕಡಬ ತಾಲೂಕು. ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಎರಡೂ ಕಾದಂಬರಿಗಳು ಅವರವು. ಈ ದಂಗೆಯನ್ನು ಕನ್ನಡ ಓದುಗರ ಮನೆಗೆ ತಂದ ಉಪಕಾರ ಅವರದು, ಅದು ಮರೆಯುವಂಥದ್ದಲ್ಲ. ಆದರೆ ಎರಡರ ಹೆಸರೂ ಅರಸುತನಕ್ಕೆ ಹಕ್ಕು ಹೇಳಿದವರದು, ಘಟ್ಟದ ಮೇಲಿನದು. ಕಯ್ಯೂರಿನ ರೈತರ ಬಗ್ಗೆ ‘ಚಿರಸ್ಮರಣೆ’ ಬರೆದಾಗ ಅದೇ ನಿರಂಜನರು ಊರಿಗೆ ಊರನ್ನೇ ನಾಯಕನ ಜಾಗದಲ್ಲಿ ಕೂರಿಸಿದರು. ತಮ್ಮ ಹುಟ್ಟೂರಿನ ಸೀಮೆಗೂ ಅವರ ಕೈಯಿಂದ ಅಂಥದೊಂದು ಪುಸ್ತಕ ಸಿಗಬೇಕಿತ್ತು ಎಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಪ್ರತಿಮೆ ಬೇಕೆಂದು ಕೇಳುವವರಿಗೆ ನಾನು ಬೆಳ್ಳಾರೆಯನ್ನು ತೋರಿಸುತ್ತೇನೆ. ಖಜಾನೆ ಇದ್ದ ಆ ಊರಿನಲ್ಲಿ ಒಂದು ಕೋಣೆ ಸಾಕು. ಸೇರಿದ ಮಾಗಣೆಗಳ ಹೆಸರು, ಗಲ್ಲಿಗೆ ಹೋದವರ ಹೆಸರು, ರಾಮಪ್ಪಯ್ಯನ ಹೆಸರೂ ಗೋಡೆಯ ಮೇಲೆ ಇರಲಿ. ನಡುವೆ ಒಂದು ಅಕ್ಕಿಮುಡಿ, ಅದರ ಪಕ್ಕದಲ್ಲಿ 1835ರ ಒಂದು ರೂಪಾಯಿ.